ಡೌಟ್ ಕ್ಲಾಸಿನ ಮೂರನೆಯವರು

ಬೆಳಿಗ್ಗೆ ಐದೂಕಾಲು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಾಲಿನ ಬೂತು ಬಿಟ್ಟರೆ ಇನ್ನೇನೂ ತೆರೆದಿಲ್ಲ. ಜಡೆಮ್ಮ ಟ್ಯೂಷನ್ ಕೇಂದ್ರದ ಮೆಟ್ಟಿಲು ಹತ್ತಿ, ಬೀಗ ತೆಗೆದು, ಐದೂ ಕೊಠಡಿಗಳ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದು ಒಂದೊಂದಕ್ಕೂ ಅರ್ಧ ಇಟ್ಟಿಗೆಯ ಒತ್ತು ಕೊಡುತ್ತಾರೆ. ಕಸ ಗುಡಿಸುವುದೆಲ್ಲ ಆಮೇಲೆ. ಈ ಬಾಗಿಲುಗಳಿಗೆ ಒಳಗಡೆ ಚಿಲಕವೇ ಇಲ್ಲ. ಒಂಬತ್ತು ವರ್ಷದ ಹಿಂದೆ ಹಟ ಹಿಡಿದು ಬಡಗಿಯನ್ನು ಕರೆಸಿ ಐದನ್ನೂ ಬಿಚ್ಚಿಸಿದವರು ಇವರೇ. ಆ ಚಿಲಕಗಳು ಈಗಲೂ ಬಿಸ್ಕತ್ತಿನ ಡಬ್ಬದಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕದಲ್ಲಿವೆ.

ಐದೂಮುಕ್ಕಾಲಿಗೆ ಹನೂರು ಕಡೆಯ ಮೊದಲ ಬಸ್ಸು ಬರುತ್ತದೆ, ಅದರಲ್ಲಿ ಹದಿನಾಲ್ಕು ಮಕ್ಕಳು. ಯಳಂದೂರು ಕಡೆಯವರು ಅದರ ಹಿಂದೆಯೇ. ಊರಿನವರೂ ಸೇರಿ ಒಟ್ಟು ಎಂಬತ್ತಾರು. ಜಡೆಮ್ಮ ಒಬ್ಬೊಬ್ಬರ ಮುಖ ನೋಡಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೀಟು ಎಳೆಯುತ್ತಾರೆ. ಸಂಜೆ ಬಸ್ಸು ಹತ್ತಿಸಿದ ಮೇಲೆ ಎರಡನೇ ಗೀಟು. ಅದು ಬೀಳದಿದ್ದರೆ ಮನೆಗೆ ಫೋನು ಹೋಗುತ್ತದೆ. ಪಾನಿಪೂರಿ ಗಾಡಿಯ ಹತ್ತಿರ ನಿಂತುಬಿಟ್ಟವರು ಇದರಿಂದ ಪೇಚಿಗೆ ಸಿಕ್ಕಿದ್ದೂ ಉಂಟು. ಹಿಂದಿನಿಂದ ಮಕ್ಕಳು ‘ಸಿಸಿ ಕ್ಯಾಮೆರಾ’ ಎನ್ನುತ್ತಾರೆ. ಗೊತ್ತಿದ್ದೂ ಜಡೆಮ್ಮ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಅಂದರೆ ಕಾಡೊಳಗಿನ ಪುಟ್ಟ ಹಾಡಿಯಲ್ಲಿ, ಹುಟ್ಟಿದ ಇವರಿಗೆ ಈಗ ಐವತ್ತೆರಡು. ಓದಿದ್ದು ನಾಲ್ಕನೇ ತರಗತಿ. ಕಾಡಿನ ಬೆಂಕಿ ಕಾವಲಿನಲ್ಲಿದ್ದ ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಬೆಟ್ಟ ಇಳಿದು, ಅಗರದ ಗದ್ದೆಗಳಲ್ಲಿ ಎರಡು ವರ್ಷ ಕಳೆ ಕಿತ್ತು, ಅಲ್ಲಿಂದ ಇಲ್ಲಿಗೆ ಕಸ ಗುಡಿಸಲು ಬಂದರು. ಬಂದ ಹೊಸದರಲ್ಲಿ ಒಂದು ಸಂಜೆ ಮೇಷ್ಟ್ರೊಬ್ಬರು ಒಂದೇ ಮಗುವನ್ನು ಕೂರಿಸಿಕೊಂಡು, ಬಾಗಿಲು ಮುಚ್ಚಿ ಪಾಠ ಹೇಳುತ್ತಿದ್ದರು. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಆದರೂ ಜಡೆಮ್ಮ ಬಾಗಿಲು ತೆರೆದು, ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಹೊಸ್ತಿಲ ಬಳಿ ಕೂತುಬಿಟ್ಟರು. ಕೇಂದ್ರ ನಡೆಸುವ ಶಿವಶಂಕರ ಮೇಷ್ಟ್ರು ಕಾರಣ ಕೇಳಿದರೆ ತಾಯಿಯ ಮಾತು ತೆಗೆದರು.

“ನಮ್ಮವ್ವ ನೆಲ್ಲಿಕಾಯ್ಗೆ ಕಾಡಿಗ್ ಕಳಿಸ್ವಾಗ ಇಬ್ರುನ್ನೇ ಕಳಿಸ್ತಿರ್ನಿಲ್ಲ ಸಾ. ಮೂರ್ ಜನ ಇರ್ಬೇಕು ಅನ್ನೋಳು. ಒಬ್ರಿಗೆ ಏಟಾದ್ರೆ ಒಬ್ರು ಜತೇಲಿ ಕೂರಕೆ, ಇನ್ನೊಬ್ರು ಓಡ್ ಬಂದು ಯೋಳಕೆ.”

ಶಿವಶಂಕರ ಗಣಿತದ ಮೇಷ್ಟ್ರು. ಈ ಲೆಕ್ಕ ಅವರ ತಲೆಗೆ ತಕ್ಷಣ ಹೋಯಿತು. ಮೇಷ್ಟ್ರು, ಮಗು ಇಬ್ಬರೇ ಇರುವ ಪಾಠ ಇಲ್ಲಿ ಇರುವುದಿಲ್ಲ ಎಂದು ಪ್ರವೇಶದ ಅರ್ಜಿಯಲ್ಲೇ ಅಚ್ಚು ಹಾಕಿಸಿದರು. ಕೊರೊನಾ ಬಂದು ಪಾಠವೆಲ್ಲ ಫೋನಿಗೆ ಹೋದಾಗ ಜಡೆಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಫೋನ್ಗೆ ಒಸ್ಲು ಎಲ್ಲದೆ ಸಾ? ನಾನೆಲ್ಲಿ ಕೂರನ?”

ಅಂದಿನಿಂದ ದೂರದ ಊರಿನ ಮಕ್ಕಳಿಗೆ ಸಂಜೆ ಒಬ್ಬೊಬ್ಬರಿಗೇ ನಡೆಯುವ ಆನ್‌ಲೈನ್ ‘ಡೌಟ್ ಕ್ಲಾಸ್’ಗಳಲ್ಲಿ ಮೂರನೆಯವರಾಗಿ ಜಡೆಮ್ಮ ಇರುತ್ತಾರೆ. ವಾರಕ್ಕೆ ಇಪ್ಪತ್ತೆರಡು ಕ್ಲಾಸು. ಮೈಕು ಬಂದ್, ಕ್ಯಾಮೆರಾ ಚಾಲೂ, ಮಡಿಲಲ್ಲಿ ಮೊರ. ಅವರು ಒಂದೇ ಹೊತ್ತಿಗೆ ಎರಡು ಕಡೆ ಕೂರಲಾರರಾದ್ದರಿಂದ ಇಡೀ ವೇಳಾಪಟ್ಟಿ ಅವರನ್ನು ನೋಡಿಕೊಂಡೇ ತಯಾರಾಗುತ್ತದೆ. ರಸಾಯನಶಾಸ್ತ್ರ ಒಂದಕ್ಷರ ತಿಳಿಯದಿದ್ದರೂ ಮಗುವಿನ ಮುಖ ಸಪ್ಪಗಾದರೆ ತಿಳಿಯುತ್ತದೆ.

ಎರಡು ವರ್ಷದ ಹಿಂದೆ ಈ ಕಟ್ಟುಪಾಡಿಗೆ ಪರೀಕ್ಷೆ ಬಂತು. ಅದರಲ್ಲಿ ಸಿಕ್ಕಿಕೊಂಡ ಹುಡುಗಿಯ ಹೆಸರನ್ನಾಗಲಿ ಊರನ್ನಾಗಲಿ ಜಡೆಮ್ಮ ಬಾಯಿ ಬಿಟ್ಟು ಹೇಳುವುದಿಲ್ಲ. ನಡೆದದ್ದನ್ನು ಹೇಳಬಹುದೇ ಎಂದು ಆಕೆಯನ್ನೇ ಕೇಳಿ, ಒಪ್ಪಿಗೆ ಪಡೆದು ಹೇಳುತ್ತಿದ್ದಾರೆ. ದೂರದ ಊರಿನಿಂದ ಆನ್‌ಲೈನ್ ಪಾಠ ಮಾಡುತ್ತಿದ್ದ ಹೊಸ ಮೇಷ್ಟ್ರು, ಒಂದು ಸಂಜೆ ಜಡೆಮ್ಮನನ್ನು ಆ ಹುಡುಗಿಯ ಕ್ಲಾಸಿನ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ‘ಕಾಯಿರಿ’ ಎಂಬ ಪರದೆ ಕದಲಲಿಲ್ಲ. ಪೋಡಿನವರಿಗೆ ಫೋನು ಕೈಕೊಟ್ಟರೆ ಮೊದಲು ನೆನಪಾಗುವುದು ಎತ್ತರದ ಜಾಗ. ಅಲ್ಲಿ ಸಿಗ್ನಲ್ ಸಿಗುವುದೇ ಬಂಡೆಯ ಮೇಲೆ. ಜಡೆಮ್ಮ ತಾರಸಿ ಹತ್ತಿ, ಫೋನು ಎತ್ತಿ ಹಿಡಿದು ನಿಂತರು. ಮಾರನೆಯ ದಿನವೂ ಅದೇ ಕತೆ, ಅದೇ ತಾರಸಿ. ಮೂರನೆಯ ಸಂಜೆ, ಅದೇ ಜಾಗದಲ್ಲಿ ಕೂತು ಜೀವಶಾಸ್ತ್ರದ ಕ್ಲಾಸಿಗೆ ಸಲೀಸಾಗಿ ಹೋಗಿ ಬಂದವರಿಗೆ ಈ ಮೇಷ್ಟ್ರ ಕ್ಲಾಸು ಮಾತ್ರ ತೆರೆಯದಿದ್ದಾಗ, ತೊಂದರೆ ಸಿಗ್ನಲ್ಲಿನದಲ್ಲ ಎಂದು ಹೊಳೆಯಿತು. ಕೂಡಲೇ ಹುಡುಗಿಯ ತಾಯಿಗೆ ಫೋನು ಮಾಡಿ, ಈಗಲೇ ಹೋಗಿ ಮಗಳ ಪಕ್ಕ ಕೂರಿ ಎಂದರು.

ತಾಯಿ ಕೂತಿದ್ದೇ ತಡ, ಮೇಷ್ಟ್ರು ಕ್ಲಾಸು ಮುಗಿಸಿ ಹೊರಟರು. ಆಮೇಲೆ ಹುಡುಗಿ ಅಳುತ್ತಾ ಎಲ್ಲ ಹೇಳಿದಳು. ಫೋಟೊ ಕಳಿಸು ಎಂಬ ಮೆಸೇಜುಗಳು, ಓದಿದ ಮೇಲೆ ಅಳಿಸು ಎಂಬ ಕಟ್ಟಪ್ಪಣೆ, ಯಾರಿಗಾದರೂ ಹೇಳಿದರೆ ನಿನ್ನ ಓದೇ ನಿಲ್ಲುತ್ತದೆ ಎಂಬ ಬೆದರಿಕೆ. ಅವಳು ಕಳಿಸಿರಲಿಲ್ಲ. ಆದರೆ ಆ ಎರಡು ದಿನ ಒಬ್ಬಳೇ ಹೆದರಿ ಕೂತಿದ್ದಳು.

“ಆ ಎರಡ್ ದಿನ ನನ್ ಲೆಕ್ಕಕ್ಕೇ ಬರ್ಬೇಕು,” ಎನ್ನುತ್ತಾರೆ ಜಡೆಮ್ಮ. “ಕೂಸು ಅಲ್ಲಿ ನಡುಗ್ತಿದ್ರೆ ನಾನು ತಾರ್ಸೀಲಿ ಸಿಗ್ನಲ್ ಉಡುಕ್ತಿದ್ದಿ.”

ಶಿವಶಂಕರ ಮೊದಲು ಯೋಚಿಸಿದ್ದು ಹಾವೂ ಸಾಯದ, ಕೋಲೂ ಮುರಿಯದ ದಾರಿ: ಆತನನ್ನು ಸದ್ದಿಲ್ಲದೆ ಬಿಡಿಸಿ ಕಳಿಸುವುದು. ಜಡೆಮ್ಮ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ನಾಳೆಯಿಂದ ಬಾಗಿಲನ್ನು ನೀವೇ ತೆಗೆಯಿರಿ ಎಂದರು. “ಇಲ್ಲಿಂದ ಬಿಟ್ರೆ ಇನ್ನೊಂದ್ ಊರ್ಗೆ ಓಯ್ತಾನೆ ಸಾ. ಅಲ್ಲೂ ಐಕ್ಳವೆ.” ಅಲ್ಲೂ ಮಕ್ಕಳಿದ್ದಾರೆ ಎಂಬ ಆ ಮಾತಿಗೆ ತಲೆ ತಗ್ಗಿಸಬೇಕಾಯಿತು ಎಂದು ಶಿವಶಂಕರ ಇಂದು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಅಂದೇ ಮಕ್ಕಳ ಸಹಾಯವಾಣಿಗೆ ಕರೆ ಹೋಯಿತು, ಪೊಲೀಸರಿಗೆ ದೂರು ಹೋಯಿತು. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಅದಕ್ಕಿಂತ ಕಷ್ಟದ ಕೆಲಸ ಹುಡುಗಿಯ ಮನೆಯಲ್ಲಿ ಕಾದಿತ್ತು. ಓದೂ ಬೇಡ ಫೋನೂ ಬೇಡ, ಬರುವ ವೈಶಾಖಕ್ಕೆ ಮದುವೆ ಎಂದು ತಂದೆ ನಿಂತಿದ್ದರು. ಜಡೆಮ್ಮ ಎರಡು ಬಸ್ಸು ಬದಲಿಸಿ, ಕಾಡಂಚಿನ ಆ ಹೊಲದ ಬದುವಿನಲ್ಲಿ ಅವರ ಮುಂದೆ ಕೂತರು.

“ಆನೆ ನುಗ್ಗುದ್ರೆ ರಾಗಿ ಪೈರ್ಗೆ ಒಡೀತೀರಾ ಅಣ್ಣ? ಆನೆ ತಡ್ಯೋ ಕಂದ್ಕ ಕಾಯೋಳು ನಾನು. ಬೈಯದಿದ್ರೆ ನನ್ನ ಬೈರಿ.”

ಆ ತಂದೆ ಮದುವೆಯ ಮಾತು ಕೈಬಿಟ್ಟು ಒಂದು ಷರತ್ತು ಹಾಕಿದರು: ಕ್ಲಾಸಿನಲ್ಲಿ ಈ ಅಮ್ಮ ಇರಲೇಬೇಕು. ಹುಡುಗಿ ಮರುವಾರವೇ ಮತ್ತೆ ಮೊದಲ ಬಸ್ಸಿಗೆ ಬಂದಳು. ಪರೀಕ್ಷೆ ಪಾಸು ಮಾಡಿ ಈಗ ಕಾಲೇಜಿನಲ್ಲಿದ್ದಾಳೆ. ಯಾವ ಕಾಲೇಜು ಎಂದು ಕೇಳಿದರೆ ಜಡೆಮ್ಮ ಅವರೆಕಾಯಿ ಕಡೆ ನೋಡುತ್ತಾರೆ.

ಒಂದು ಬದಲಾವಣೆ ಆಗಿದೆ. ಹತ್ತು ನಿಮಿಷದೊಳಗೆ ಜಡೆಮ್ಮನನ್ನು ಒಳಗೆ ಬಿಟ್ಟುಕೊಳ್ಳದಿದ್ದರೆ ಕ್ಲಾಸು ರದ್ದು, ಮನೆಗೆ ಫೋನು. ತಾರಸಿ ಹತ್ತುವ ಮಾತೇ ಇಲ್ಲ.

ಇನ್ನೊಂದನ್ನು ಆ ಹುಡುಗಿಯೇ ಮಾಡಿ ಹೋದಳು. ಅಲ್ಲಿಯವರೆಗೆ ಕ್ಲಾಸಿನ ಪಟ್ಟಿಯಲ್ಲಿ ಜಡೆಮ್ಮನ ಚೌಕದಡಿ ಕಾಣುತ್ತಿದ್ದದ್ದು ಫೋನಿನ ಮಾಡೆಲ್ ನಂಬರು. ಕೊನೆಯ ದಿನ ಆಕೆ ಫೋನು ಇಸಿದುಕೊಂಡು ಅದನ್ನು ಅಳಿಸಿ, ‘ಜಡೆಮ್ಮಕ್ಕ ಇದ್ದಾರೆ’ ಎಂದು ಬರೆದುಕೊಟ್ಟಳು.

ಪತ್ರಿಕೆಗೆ ತನ್ನ ಫೋಟೊ ಬೇಡವೆಂದು ಮೊದಲೇ ಹೇಳಿದ್ದ ಜಡೆಮ್ಮ, ಸಂಜೆಯ ಕ್ಲಾಸಿಗೆ ಮೊರ ಎಳೆದುಕೊಳ್ಳುತ್ತಾ ಇನ್ನೊಂದು ಮಾತು ಸೇರಿಸುತ್ತಾರೆ.

“ನಿಮ್ ಪೇಪರ್ನಲ್ಲಿ ನನ್ ಹೆಸ್ರು ಬರ್ನಿಲ್ಲ ಅಂದ್ರೂ ಪರ್ವಾಗಿಲ್ಲ ಸಾ. ಈ ಪಟ್ಟೀಲಿ ಇದ್ರೆ ಸಾಕು. ಅದ ನೋಡ್ಕಂಡೇ ಐಕ್ಳು ಪುಸ್ತ್ಕ ತಗಿಯಾದು.”