ಕಾಲ್ಮರಿ ಕಲ್ಲಿನ ಸಂಜೆ

ದೆವ್ವ, ಗಾಳಿ, ಸೋಂಕು ಇವುಗಳಲ್ಲಿ ನನಗೆ ನಂಬಿಕೆ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಬರೆಯುವಾಗ ಈಗ ಕೈ ಸ್ವಲ್ಪ ತಡೆಯುತ್ತದೆ, ಅಷ್ಟೇ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅದಕ್ಕಿಂತ ಹೆಚ್ಚಾಗಿ ನಮ್ಮಪ್ಪನ ಮಗಳು. ಗೋಡೆಯ ಮೇಲೆ ಬುದ್ಧನ ಫೋಟೋ ಒಂದನ್ನು ಬಿಟ್ಟರೆ ಬೇರೆ ದೇವರಿಲ್ಲದ ಮನೆ ನಮ್ಮದು. ಚಿಕ್ಕವಳಿದ್ದಾಗ ಅಮಾವಾಸ್ಯೆಯ ಸಂಜೆ ಹುಣಸೆಮರದ ಕಡೆ ಹೋಗಲು ಹೆದರಿದರೆ ಅಪ್ಪ ಕೈಹಿಡಿದು ಕರೆದೊಯ್ದು, ಮರದ ಬುಡದಲ್ಲೇ ಕೂರಿಸಿ, ಜೇಬಿನಿಂದ ಶೇಂಗಾ ತೆಗೆದು ಕೊಡುತ್ತಿದ್ದರು. ಶೇಂಗಾ ಮುಗಿಯುವವರೆಗೂ ಯಾವ ದೆವ್ವವೂ ಬರುತ್ತಿರಲಿಲ್ಲ. ಹಾಗೆ ಬೆಳೆದ ನನಗೆ ಹೀಗಾಯಿತು ಎಂದರೆ ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ನಮ್ಮ ಕಾಲೇಜು ಇರುವುದು ಧಾರವಾಡದಲ್ಲಿ, ಕೆಲಗೇರಿ ಕೆರೆಯಿಂದ ಸ್ವಲ್ಪ ಆಚೆಗೆ. ಮುಟ್ಟಬಾರದವರೆಂದು ಊರಾಚೆ ಇಟ್ಟಿದ್ದ ಕೇರಿಗಳ ಮಕ್ಕಳಿಗಾಗಿಯೇ ಹುಟ್ಟಿದ ಸಂಸ್ಥೆ ಅದು. ಮೊದಲು ಒಂದು ಬೋರ್ಡಿಂಗ್, ಆಮೇಲೆ ಶಾಲೆ, ಆಮೇಲೆ ಕಾಲೇಜು. ಈಗ ಎಲ್ಲ ಜಾತಿಯ ಹುಡುಗ ಹುಡುಗಿಯರೂ ಓದುತ್ತಾರೆ. ಹೊರಗಿನಿಂದ ನೋಡಲು ಬರುವವರು ಹೆಚ್ಚಾದ ಮೇಲೆ, ಅವರಿಗೆಂದು ಒಂದು ಕೈಪಿಡಿ ಬರೆಯಬೇಕು, ಬಂದವರನ್ನು ಒಬ್ಬರು ಸುತ್ತಾಡಿಸಿ ತೋರಿಸಬೇಕು ಎಂದು ಆಡಳಿತ ಮಂಡಳಿಯವರು ತೀರ್ಮಾನಿಸಿದರು. ಇತಿಹಾಸದ ಮೇಡಂ ಹೆರಿಗೆ ರಜೆಯಲ್ಲಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೆಲಸ ನನ್ನ ಕೊರಳಿಗೆ ಬಿತ್ತು. ಇದು ಕೆಲವು ವರ್ಷಗಳ ಹಿಂದಿನ ಮಾತು.

ಬಾವಿ, ಹಳೆಯ ಊಟದ ಮನೆ, ಗ್ರಂಥಾಲಯ, ಇವುಗಳ ಬಗ್ಗೆ ಬರೆಯುವುದು ಕಷ್ಟವಾಗಲಿಲ್ಲ. ತೊಡಕಾದದ್ದು ಗೇಟಿನ ಬಳಿಯ ಕಲ್ಲು. ಮೊಣಕಾಲೆತ್ತರದ ಸಾದಾ ಕಲ್ಲು ಅದು. ನಾವೆಲ್ಲ ಕಾಲ್ಮರಿ ಕಲ್ಲು ಎನ್ನುತ್ತೇವೆ. ಕಾಲ್ಮರಿ ಎಂದರೆ ಚಪ್ಪಲಿ. ಆ ಕಾಲದಲ್ಲಿ ನಮ್ಮವರು ಮೇಲಿನ ಓಣಿಗಳಲ್ಲಿ ಚಪ್ಪಲಿ ಮೆಟ್ಟುವಂತಿರಲಿಲ್ಲ, ಇದ್ದರೆ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಹೆಚ್ಚಿನವರಿಗೆ ಹಿಡಿಯಲೂ ಇರುತ್ತಿರಲಿಲ್ಲ. ಸಂಸ್ಥೆ ಕಟ್ಟಿದ ಹಿರಿಯರು ಒಂದು ಪದ್ಧತಿ ಮಾಡಿದರು. ಹೊಸದಾಗಿ ಬಂದ ಮಗುವನ್ನು ಈ ಕಲ್ಲಿನ ಮೇಲೆ ಕೂರಿಸಿ, ತಾವು ನೆಲಕ್ಕೆ ಮೊಣಕಾಲೂರಿ, ತಮ್ಮ ಕೈಯಾರೆ ಹೊಸ ಕಾಲ್ಮರಿ ತೊಡಿಸಿ ಒಳಗೆ ಕರೆದುಕೊಳ್ಳುತ್ತಿದ್ದರು. ತೊಡಿಸುವವರು ಮೊದಲು ಕಾಲನ್ನೇ ನೋಡಬೇಕು, ಪಟ್ಟಿ ಬಿಗಿದಾದ ಮೇಲೆಯೇ ಮುಖ ನೋಡಬೇಕು, ಊರು ಜಾತಿ ಕೇಳಲೇಬಾರದು ಎಂಬುದು ಅವರ ಕಟ್ಟಳೆ. ಇಂದಿಗೂ ಕಾಲೇಜು ಶುರುವಾಗುವ ದಿನ ಪ್ರಿನ್ಸಿಪಾಲರು ಹೀಗೆಯೇ ಮಾಡುತ್ತಾರೆ.

ಆದರೆ ಬರುವ ಜನ ನಮ್ಮ ದೇಶದವರಲ್ಲವೇ! ಗೇಟಿನ ಬಳಿ ಕಲ್ಲು ಕಂಡರೆ ಸಾಕು, ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಒಬ್ಬ ಅಮ್ಮ ಕುಂಕುಮವನ್ನೇ ಹಚ್ಚಿದ್ದರು. ಚಪ್ಪಲಿ ಹಾಕಿಕೊಳ್ಳಲೆಂದೇ ಇಟ್ಟ ಕಲ್ಲಿನ ಮುಂದೆ ಚಪ್ಪಲಿಗಳ ರಾಶಿ ಕಂಡು ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅದಕ್ಕೇ ಕೈಪಿಡಿಯ ಮೊದಲ ಸಾಲನ್ನು 'ದಯವಿಟ್ಟು ಇಲ್ಲಿ ಪಾದರಕ್ಷೆ ಬಿಡಬೇಡಿ' ಎಂದು ಬರೆದೆ. ಬಂದ ಗುಂಪಿನಲ್ಲಿ ಮೊದಲು ಯಾರು ಕಲ್ಲಿನ ಮೇಲೆ ಕೂರುತ್ತಾರೋ ಅವರಿಗೆ ನಾನೇ ಕಾಲ್ಮರಿ ತೊಡಿಸಿ ತೋರಿಸುವುದೆಂದೂ ಗೊತ್ತುಮಾಡಿಕೊಂಡೆ. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಿಂದ ಒಂದು ಚರ್ಮದ ಜೋಡು ತಂದು ಕಲ್ಲಿನ ಪಕ್ಕದಲ್ಲಿ ಇಟ್ಟಿದ್ದೆ.

ಈ ಎಲ್ಲ ಕೆಲಸದ ನಡುವೆ ನನಗಿದ್ದ ಆಸೆ ಒಂದೇ. ಅಪ್ಪ ಒಮ್ಮೆ ನನ್ನ ಜೊತೆ ಆ ಗೇಟು ದಾಟಿ ಒಳಗೆ ಬರಬೇಕು. ಅವರು ಅಲ್ಲೇ ಓದಿದವರು. ಹಿರಿಯರ ಕೈಯಿಂದಲೇ ಕಾಲ್ಮರಿ ತೊಡಿಸಿಕೊಂಡವರಲ್ಲಿ ಧಾರವಾಡದಲ್ಲಿ ಉಳಿದವರು ಅವರೊಬ್ಬರೇ. ಆದರೆ ಓದು ಮುಗಿಸಿ ಹೊರಬಿದ್ದ ಮೇಲೆ ಅಪ್ಪ ಮತ್ತೆ ಆ ಕಡೆ ಸುಳಿದಿರಲಿಲ್ಲ. ನಾನು ಅಲ್ಲಿ ಕೆಲಸಕ್ಕೆ ಸೇರಿದ ದಿನವೂ ಕೆಲಗೇರಿ ಕೆರೆಯವರೆಗೆ ಬಂದು ಹಿಂದಿರುಗಿದ್ದರು. ಕಲ್ಲಿನ ಬಗ್ಗೆ ಕೇಳಿದರೆ, "ನಿನ್ನ ಪುಸ್ತಕ ನೀ ಬರಕೋ ಮಗಳ. ನನ್ನ ಅಲ್ಲಿಗೆ ಎಳೀಬ್ಯಾಡ. ಆ ಗೇಟಿನ ಮುಂದ ನನಗ ನಿಂದ್ರಾಕ ಆಗೂದಿಲ್ಲ" ಎನ್ನುತ್ತಿದ್ದರು. ಏಕೆಂದು ಕೇಳಿದರೆ ಎದ್ದು ಹೋಗುತ್ತಿದ್ದರು. ಅನ್ನ ಕೊಟ್ಟ ಜಾಗದ ಮೇಲೆ ಇದೆಂಥ ಮುನಿಸು ಎಂದು ನನಗೆ ಬೇಸರವಾಗುತ್ತಿತ್ತು.

ಆ ದಿನ ಹುಬ್ಬಳ್ಳಿಯ ದೇಶಪಾಂಡೆ ನಗರದ ಕಡೆಯ ಒಂದು ಕಾಲೇಜಿನ ಹುಡುಗಿಯರು ಬರುವವರಿದ್ದರು. ಮಧ್ಯಾಹ್ನ ಬರುತ್ತೇವೆಂದವರು ದಾರಿಯಲ್ಲಿ ಗಿರ್ಮಿಟ್ಟು ಮಿರ್ಚಿ ತಿನ್ನುತ್ತ ನಿಂತು, ಬಂದಾಗ ಹೊತ್ತು ಇಳಿದಿತ್ತು. ಬೆಳಕು ಇನ್ನೂ ಇತ್ತು. ಅದನ್ನು ಒತ್ತಿ ಹೇಳುತ್ತೇನೆ. ಬಸ್ಸಿನಿಂದ ಇಳಿದವರೇ ಕಲ್ಲಿನ ಸುತ್ತ ಗಲಗಲ ಎನ್ನುತ್ತ ನಿಂತರು. ನಾನು ಕಥೆ ಹೇಳಿ, "ಯಾರರ ಒಬ್ಬರು ಕುಂಡ್ರವ್ವಾ" ಎಂದು, ಜೋಡನ್ನು ಕೈಗೆತ್ತಿಕೊಂಡು, ಕಟ್ಟಳೆಯಂತೆ ತಲೆ ತಗ್ಗಿಸಿ ಮೊಣಕಾಲೂರಿದೆ.

ಕಲ್ಲಿನ ಮುಂದೆ ಎರಡು ಕಾಲುಗಳಿದ್ದವು. ಚಿಕ್ಕ ಹುಡುಗಿಯ ಕಾಲು. ಯಾರೋ ತಂಗಿಯನ್ನು ಕರೆತಂದಿರಬೇಕು ಎಂದುಕೊಂಡೆ. ಬರಿಗಾಲು, ಹಿಮ್ಮಡಿ ಒಡೆದಿತ್ತು, ಬೆರಳ ಸಂದಿಯಲ್ಲೆಲ್ಲ ಎರೆಮಣ್ಣು ಒಣಗಿ ಹಿಡಿದಿತ್ತು. ನಮ್ಮ ಆವರಣದ್ದು ಕೆಂಪು ಮಣ್ಣು, ಈ ಕರಿ ಮಣ್ಣು ಎಲ್ಲಿಂದ ಬಂತು ಎಂಬ ವಿಚಾರವೂ ಆಗಲೇ ಬಂದಿತ್ತು. ಬಲಗಾಲಿನ ಮೇಲೆ ಹಳೆಯ ಸುಟ್ಟ ಕಲೆ, ಚರ್ಮ ಸುಕ್ಕಾಗಿತ್ತು. ಮುಟ್ಟಿದೆ. ಉರಿಬಿಸಿಲಿನ ರಸ್ತೆಯಲ್ಲಿ ಬಹಳ ದೂರ ನಡೆದು ಬಂದವರ ಕಾಲಿನಂತೆ ಬಿಸಿಯಾಗಿತ್ತು. ಮುಟ್ಟಿದ ತಕ್ಷಣ ಹಿಂದಕ್ಕೆಳೆದುಕೊಂಡಿತು. "ಅಂಜಬ್ಯಾಡವ್ವಾ, ಏನೂ ಆಗೂದಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅದು ತಾನಾಗಿ ನನ್ನ ಅಂಗೈಗೆ ಬಂದಿತು. ತೊಡಿಸಿದೆ. ಇನ್ನೊಂದು ಕಾಲಿಗೂ ತೊಡಿಸಿದೆ. ಹಿಂಬದಿಯ ಪಟ್ಟಿಯನ್ನು ಎಳೆದು ಬಿಗಿದು, ನಗುತ್ತ ತಲೆಯೆತ್ತಿದೆ.

ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಹುಡುಗಿಯರು ಸುತ್ತ ಶಾಂತವಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಅಫ್ರೀನ್ ಎಂಬ ಚುರುಕಿನ ಹುಡುಗಿ ಮುಂದೆ ಬಂದು, "ಭಾಳ ಛಲೋ ಮಾಡಿ ತೋರಿಸಿದ್ರಿ ಮೇಡಂ, ಖರೇನ ಯಾರೋ ಕುಂತಾರೇನೋ ಅನ್ನಿಸ್ತು. ಈಗ ನಾ ಕುಂಡ್ರಲೇನ್ರೀ?" ಎಂದಳು.

"ಈಗ ಕುಂತಿದ್ಲಲ್ಲ, ಸಣ್ಣ ಹುಡುಗಿ?" ಎಂದೆ. ಯಾವ ಹುಡುಗಿ ಎಂದು ಅವರೇ ನನ್ನನ್ನು ಕೇಳಿದರು. ಸಣ್ಣವರನ್ನು ಯಾರೂ ಕರೆತಂದಿರಲಿಲ್ಲ. ಸರಿ, ಕುಂಡ್ರು ಎಂದು ಅಫ್ರೀನಳಿಗೆ ಹೇಳಿ ಜೋಡಿಗಾಗಿ ನೋಡಿದರೆ, ಜೋಡೂ ಇರಲಿಲ್ಲ.

ಭಯವಾಯಿತೇ ಎಂದರೆ, ಹೌದು, ಆಯಿತು. ಆದರೂ ಹುಡುಗಿಯರ ಮುಂದೆ ತೋರಿಸಿಕೊಳ್ಳದೆ ಉಳಿದದ್ದನ್ನೆಲ್ಲ ಸುತ್ತಿ ತೋರಿಸಿದೆ. ಬಾವಿಯ ಬಳಿ ಏನು ಹೇಳಿದೆನೋ, ಊಟದ ಮನೆಯಲ್ಲಿ ಏನು ಹೇಳಿದೆನೋ ನೆನಪಿಲ್ಲ. ಅವರನ್ನು ಬಸ್ಸು ಹತ್ತಿಸಿ ಕಾವಲುಗಾರನ ಜೊತೆ ಗೇಟಿನ ಸುತ್ತ ಹುಡುಕಿದೆ. ಪೊದೆ ಹುಡುಕಿದೆವು, ಚರಂಡಿ ಹುಡುಕಿದೆವು. ಸಣ್ಣ ಹುಡುಗಿ ಯಾರೂ ಒಳಗೆ ಬಂದಿಲ್ಲ, ಹೊರಗೂ ಹೋಗಿಲ್ಲ ಎಂದು ಅವನು ಹೇಳಿದ. ನನ್ನ ಅಂಗೈಯಲ್ಲಿ ಮಾತ್ರ ಕರಿಮಣ್ಣಿನ ಪುಡಿ ಹತ್ತಿತ್ತು. ನಾನೇನು ಕಡಿಮೆ ಮೊಂಡಿಯೇ, ಅದನ್ನೂ ಕಾರಿನ ಸ್ಟಿಯರಿಂಗಿನ ಹೊಲಸು ಎಂದು ಸಮಾಧಾನ ಮಾಡಿಕೊಂಡು ತೊಳೆದುಕೊಂಡೆ.

ಅಫ್ರೀನ್ ಫೋನಿನಲ್ಲಿ ತೆಗೆದ ವಿಡಿಯೋ ಅಂದೇ ರಾತ್ರಿ ಕಳಿಸಿದಳು. ಅವಳು ನಿಂತದ್ದು ನನ್ನ ಬೆನ್ನ ಹಿಂದೆ. ನನ್ನ ಬೆನ್ನು, ಅಲುಗುವ ಮೊಣಕೈ, "ಅಂಜಬ್ಯಾಡವ್ವಾ" ಎನ್ನುವ ನನ್ನ ದನಿ. ಕಲ್ಲನ್ನು ನನ್ನ ತಲೆಯೇ ಮರೆಮಾಡಿದೆ. ಈಗಲೂ ಆ ವಿಡಿಯೋ ನನ್ನ ಬಳಿ ಇದೆ, ಅದರಿಂದ ಯಾವ ಉಪಯೋಗವೂ ಆಗಿಲ್ಲ.

ಮನೆಗೆ ಹೋದಾಗ ಅಪ್ಪ ಟಿವಿಯಲ್ಲಿ ಸುದ್ದಿ ನೋಡುತ್ತಿದ್ದರು. ಅವರು ನಕ್ಕು, ಬಿಸಿಲಿಗೆ ತಲೆ ತಿರುಗೈತಿ ಎಂದು ಬೈದರೆ ನನಗೂ ಹಗುರಾಗುತ್ತದೆ ಎಂದೇ ಎಲ್ಲವನ್ನೂ ಹೇಳಿದೆ. ಎರೆಮಣ್ಣಿನ ಮಾತಿಗೆ ಅಪ್ಪ ನಗಲಿಲ್ಲ. ಕಲೆಯ ಮಾತಿಗೆ ಟಿವಿ ಆರಿಸಿದರು.

"ಬಲಗಾಲೇನು?" ಎಂದು ಕೇಳಿದರು. ಯಾವ ಕಾಲೆಂದು ನಾನು ಇನ್ನೂ ಹೇಳಿರಲಿಲ್ಲ.

ಆಮೇಲೆ ಅಪ್ಪ ಎಲ್ಲ ಹೇಳಿದರು. ಅವರಿಗೊಬ್ಬ ಅಕ್ಕ ಇದ್ದಳು, ಹುಲಿಗೆವ್ವ ಎಂದು. ಚಿಕ್ಕಂದಿನಲ್ಲೇ ತೀರಿಕೊಂಡಳು ಎಂಬುದಷ್ಟೇ ನನಗೆ ಗೊತ್ತಿತ್ತು. ನವಲಗುಂದದ ಕಡೆಯ ನಮ್ಮ ಊರಿನಿಂದ ತಮ್ಮನನ್ನು ಬೋರ್ಡಿಂಗಿಗೆ ಬಿಡಲು ನಡೆಸಿಕೊಂಡು ಬಂದವಳು ಅವಳೇ. ಎರೆಹೊಲದ ಬಿಸಿಲಿನಲ್ಲಿ ಅಪ್ಪನ ಕಾಲು ಸುಟ್ಟಾಗ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ತಾನು ಬರಿಗಾಲಲ್ಲಿ ನಡೆದಳಂತೆ. ಅವಳ ಬಲಗಾಲಿನ ಮೇಲೆ ಕುದಿಯುವ ಅಂಬಲಿ ಚೆಲ್ಲಿ ಆದ ಕಲೆ ಇತ್ತು.

"ಹಿರಿಯರು ಮೊದಲ ನನಗ ಹಾಕಿದ್ರು" ಎಂದರು ಅಪ್ಪ. "ಆಮ್ಯಾಲೆ ಆಕಿ ಕಡೆ ತಿರುಗಿ, ನೀನೂ ಕುಂಡ್ರು ಮಗಳ, ನಿನಗೂ ಒಂದು ಜೋಡ ಹಾಕತೇನಿ ಅಂದ್ರು. ಆಕಿ ಕುಂತ್ಲು. ಅವರು ಕೈ ಚಾಚಿದ್ರು ನೋಡು, ಪಟಕ್ನ ಕಾಲು ಹಿಂದಕ್ಕೆ ಎಳಕೊಂಡು ಎದ್ದು ಓಡಿಬಿಟ್ಲು. ನನಗ ಒಂದು ಮಾತು ಸೈತ ಹೇಳಲಿಲ್ಲ. ನಾ ಒಳಗ ಉಳಿದೆ, ಆಕಿಗಿ ತಿರುಗಿ ಊರಿಗೆ ಹೋಗೂದಿತ್ತು. ಕಾಲ್ಮರಿ ಮೆಟ್ಟಿ ಓಣ್ಯಾಗ ಹೋಗಿದ್ರ ಕಾಲು ಮುರೀತಿದ್ರು. ಅದು ಆಕಿಗಿ ತಿಳಿದಿತ್ತು. ನನಗ ತಿಳೀಲಿಲ್ಲ. ಸಾಲಿ ಸೂಟಿಗೆ ನಾ ಊರಿಗೆ ಹೋಗೂದ್ರಾಗ ಜ್ವರ ಬಂದು ಹೋಗಿಬಿಟ್ಟಿದ್ಲು. ಆ ಗೇಟು ಕಂಡ್ರ ನನಗ ಆಕಿ ಓಡೂದಽ ಕಾಣತೈತಿ."

ಅಪ್ಪ ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ.

ಈ ಕಲೆಯ ವಿಷಯ ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ಕೇಳಿ ನಾನು ಮರೆತಿದ್ದಿರಬಹುದು. ಮಧ್ಯಾಹ್ನ ಊಟ ಮಾಡಿರಲಿಲ್ಲ, ಕಣ್ಣು ಕತ್ತಲೆ ಬಂದಿರಬಹುದು. ಜೋಡನ್ನು ನಾಯಿ ಎಳೆದೊಯ್ದಿರಬಹುದು. ಆದರೆ ಅಷ್ಟು ಜನರ ನಡುವಿನಿಂದ ಯಾರೂ ನೋಡದಂತೆ ಎರಡನ್ನೂ ಒಯ್ದ ನಾಯಿ ಯಾವುದು? ನನ್ನ ಕೈಯಲ್ಲಿ ಇನ್ನೂ ಇರುವ ಆ ಬಿಸಿ ಏನು? ಹುಡುಗರಿಗೆ ಶಾಖದ ಪಾಠ ಮಾಡುವ ನಾನು ಇದಕ್ಕೆ ಉತ್ತರ ಹೇಳಲಾರೆ. ಕೈಪಿಡಿ ಅಚ್ಚಾಯಿತು, ಅದರಲ್ಲಿ ಇದನ್ನು ಬರೆಯಲಿಲ್ಲ. ಬರೆಯಲು ಬರಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಕೂತಿದ್ದರು. ಕೆರೆ ದಾಟಿದೆವು. ಗೇಟಿನ ಹೊರಗೆ ಇಳಿದು, ಗೋಡೆ ಹಿಡಿದುಕೊಂಡು ಆ ಕಲ್ಲನ್ನು ನೋಡುತ್ತ ನಿಂತರು.

"ಹೊರಗ ಹೋದ್ಲೋ, ಒಳಗ ಬಂದ್ಲೋ?" ಎಂದು ಕೇಳಿದರು.

"ನಾ ನೋಡಲಿಲ್ಲಪ್ಪಾ" ಎಂದೆ.

"ಕಾಲು ಎಳಕೊಂಡ್ಲೇನು?"

"ಮೊದಲ ಎಳಕೊಂಡ್ಲು. ಆಮ್ಯಾಲೆ ತಾನಽ ಕೊಟ್ಲು."

ಅಪ್ಪ ತಲೆಯಾಡಿಸಿದರು. "ಸರಿಯಾಗಿ ಕುಂತುವೇನು ಕಾಲಿಗೆ?"

ಸುಳ್ಳು ಹೇಳಬಹುದಿತ್ತು, ಮನಸ್ಸಾಗಲಿಲ್ಲ. "ಇಲ್ಲಪ್ಪಾ, ಒಂದೀಟು ದೊಡ್ಡವು ಆದುವು."

"ಇರಲಿ ಬಿಡು, ಬೆಳಿಯೂ ಕಾಲು" ಎಂದು ಅಪ್ಪ ನನ್ನ ಕೈ ಹಿಡಿದು ಒಳಗೆ ನಡೆದರು.