ತಲೆ ಬಗ್ಗಿಸಿದ ಚಿತ್ರಗಳು

ಆ ದಿನ ಅಕ್ಕ ತಂದದ್ದು ಬಂಗಡೆ. ಹೊನ್ನಾವರದ ಮೀನು ಪೇಟೆಯಲ್ಲಿ ವ್ಯಾಪಾರ ಮುಗಿಸಿ ಬಂದವಳು ಖಾಲಿ ಬುಟ್ಟಿಯನ್ನು ಕಟ್ಟೆಯ ಮೇಲೆ ಕವುಚಿ ಹಾಕಿದಳು. ಮನೆಗೆಂದು ಉಳಿಸಿಕೊಂಡ ಮೀನಿನಲ್ಲಿ ಚಂದದ್ದೊಂದನ್ನು ಆರಿಸಿ ನನ್ನ ಮುಂದಿದ್ದ ಹಳೆಯ ಮಾಡಿನ ಹಂಚಿನ ಮೇಲೆ ಇಟ್ಟಳು. ಉಳಿದದ್ದನ್ನು ತೆಗೆದುಕೊಂಡು ಹಿತ್ತಿಲ ಬಾಗಿಲಲ್ಲಿ ನನ್ನ ಎದುರಿಗೇ, ಕೊಯ್ಯಲು ಮೆಟ್ಟುಗತ್ತಿಯ ಮುಂದೆ ಕೂತಳು.

ಇದು ನಮ್ಮ ಮನೆಯ ಪದ್ಧತಿ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವವಳು. ಮಾವಿನಕುರ್ವೆಯ ಈ ಮನೆಯಲ್ಲಿ ಅಮ್ಮ ಹೋದ ಮೇಲೆ ಇದ್ದದ್ದು ನಾವಿಬ್ಬರೇ. ಅಕ್ಕ ಮೀನು ಮಾರಿ ನನ್ನನ್ನು ಪಿಯುಸಿವರೆಗೆ ಓದಿಸಿದಳು. ಚಿತ್ರವನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಮಧ್ಯಾಹ್ನದ ಮೀನಿನಿಂದ ಕಲಿತೆ. ಅಕ್ಕ ಮೀನು ಕೊಯ್ದು, ಕಾಯಿ ತುರಿದು, ಮಸಾಲೆ ರುಬ್ಬುವುದರೊಳಗೆ ಹಂಚಿನ ಮೇಲಿನ ಮೀನನ್ನು ನಾನು ಬಿಡಿಸಿ ಮುಗಿಸಬೇಕು. ಮಿಕ್ಸಿಯ ಸದ್ದು ನಿಂತಿತೆಂದರೆ ನನ್ನ ಹೊತ್ತು ಮುಗಿಯಿತು. ಆಮೇಲೆ ಮೀನು ಪಾತ್ರೆಗೆ ಹೋಗುತ್ತದೆ.

ಆ ಅವಸರ ನನಗೆ ಒಳ್ಳೆಯದೇ ಆಗಿತ್ತು. ಬಂಗಡೆಯ ಬೆನ್ನಿನ ಹಸಿರು ಬಹಳ ಹೊತ್ತು ನಿಲ್ಲುವುದಿಲ್ಲ, ನೋಡುತ್ತಿದ್ದಂತೆ ಬೂದು ಆಗುತ್ತದೆ. ತಾರ್ಲೆ ಮೀನಿನ ಹೊಳಪೂ ಹಾಗೆಯೇ. ಹಾಗಾಗಿ ಮೊದಲು ಬಣ್ಣ, ಆಮೇಲೆ ಗೆರೆ, ಕೊನೆಗೆ ಕಣ್ಣು. ಈ ಕ್ರಮ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಸಾಲೆ ಕಾಯುವುದಿಲ್ಲ ಎಂಬ ಹೆದರಿಕೆಯಿಂದ ತಾನಾಗಿ ಬಂದದ್ದು.

"ಆತೇನೆ?" ಮಿಕ್ಸಿ ನಿಲ್ಲಿಸಿ ಅಕ್ಕ ಒಳಗಿನಿಂದ ಕೂಗಿದಳು.

"ಕಣ್ಣೊಂದು ಬಾಕಿ."

"ಒಂದು ಚುಕ್ಕಿ ಇಡು ಮಾರಾಯ್ತಿ. ತಿಂಬೋರು ಕಣ್ಣು ನೋಡೂದಿಲ್ಲ."

"ಪುಸ್ತಕ ಓದೋರು ನೋಡ್ತರು."

"ಹಂಗಾರೆ ಇವತ್ತು ಪುಸ್ತಕನೇ ಉಣ್ಣು."

ಬಂದು ಹಂಚಿನಿಂದ ಮೀನನ್ನು ಎತ್ತಿಕೊಂಡೇ ಹೋದಳು. ಕಣ್ಣನ್ನು ನೆನಪಿನಿಂದ ಬಿಡಿಸಿದೆ. ಮೀನಿನ ಕಣ್ಣು ನನಗೆ ನೆನಪಿನಿಂದ ಬರುತ್ತಿತ್ತು.

ಊಟಕ್ಕೆ ಕೂತಾಗ ನಾನು ಹೊಸ ಪುಸ್ತಕದ ಮಾತು ತೆಗೆದೆ. ಒಬ್ಬ ಮೀನು ಮಾರುವ ಹೆಂಗಸು ಮತ್ತು ಅವಳ ಬುಟ್ಟಿಯ ಹಿಂದೆಯೇ ತಿರುಗುವ ಬೆಕ್ಕಿನ ಕತೆ ಅದು. ಬೇರೆ ಚಿತ್ರಗಳೆಲ್ಲ ಮುಗಿದಿದ್ದವು. ಕೊನೆಯ ಪುಟದಲ್ಲಿ ಮಾತ್ರ ಆ ಹೆಂಗಸು ತಲೆ ಎತ್ತಿ ಓದುವ ಮಗುವನ್ನು ನೋಡಬೇಕು. ಕತೆ ಬರೆದವರು ಹಾಗೆಯೇ ಬರೆದಿದ್ದರು.

"ಈ ಸಲ ನಿನ್ನ ಮುಖ ಬೇಕು," ಎಂದೆ.

ಇದು ಸಣ್ಣ ಮಾತಾಗಿರಲಿಲ್ಲ. ಅಕ್ಕ ತನ್ನ ಮುಖ ಬಿಡಿಸಲು ಯಾವತ್ತೂ ಬಿಟ್ಟವಳಲ್ಲ. ಅಮ್ಮ ಹೋದಾಗ ಅವಳೊಬ್ಬಳೇ ಇರುವ ಫೋಟೋ ಮನೆಯಲ್ಲಿ ಇರಲಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವಳನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದೆವು. ಅಮ್ಮನ ಭುಜದ ಮೇಲೆ ಈಗಲೂ ಬೇರೆ ಯಾರದೋ ನಾಲ್ಕು ಬೆರಳು ಇವೆ. ನಮ್ಮ ಕೇರಿಯಲ್ಲಿ ಗೋಡೆಯ ಮೇಲೆ ಒಬ್ಬರೇ ಇರುವ ಫೋಟೋ ಎಂದರೆ ಅವರು ಇಲ್ಲ ಎಂದೇ ಲೆಕ್ಕ. ಇರುವವರು ಗುಂಪಿನಲ್ಲಿ ಇರುತ್ತಾರೆ. ಅಕ್ಕನಿಗೆ ಕಾಗದವೂ ಗೋಡೆಯೂ ಒಂದೇ.

"ಒಬ್ಬಳದೇ ಮುಖ ತೆಗಿಬೇಡ. ನೋಡಿದವರು ಹೂ ಹಾಕೂಕೆ ಬತ್ತರು," ಎನ್ನುತ್ತಿದ್ದಳು. "ಕೈ ಬೇಕಾದ್ರೆ ತಕ. ಬೆನ್ನು ತಕ. ಬುಟ್ಟಿ ತಕ."

ಹಾಗೆ ನಾನು ಅವಳ ಕೈಗಳನ್ನು ಬಿಡಿಸಿದೆ. ಮೆಟ್ಟುಗತ್ತಿಯ ಮೇಲೆ ಬಗ್ಗಿದ ತಲೆ, ನಡುಬೈತಲೆ, ಜಡೆಯ ಬುಡದಲ್ಲಿ ಅವಳು ದಿನಾ ಮುಡಿಯುತ್ತಿದ್ದ ಅಬ್ಬಲಿಗೆ ಹೂ, ಕಿವಿಯ ಓಲೆ, ಮೀನಿನ ಹುರುಪೆ ಅಂಟಿದ ಮಣಿಕಟ್ಟು. ನನ್ನ ಪುಸ್ತಕಗಳಲ್ಲಿ ಬರುವ ಅಜ್ಜಿಯರ, ರಾಣಿಯರ, ರಾಕ್ಷಸಿಯರ ಕೈಗಳೆಲ್ಲ ಅಕ್ಕನವು. ಕುಮಟಾದಲ್ಲಿ ಒಂದು ಕಾರ್ಯಕ್ರಮಕ್ಕೆ ಕರೆದವರು ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದರು. ಮಧ್ಯಾಹ್ನದ ಮೀನು ಎಂದೆ. ಎಲ್ಲರೂ ನಕ್ಕರು. ಮನೆಗೆ ಬಂದು ಹೇಳಿದಾಗ ಅಕ್ಕ ಮಾತ್ರ ನಗಲಿಲ್ಲ. "ಮತ್ತೆ? ಸುಳ್ಳು ಹೇಳೂಕೆ ಆತದ್ಯೇ?" ಎಂದಳು.

ಆ ಮಧ್ಯಾಹ್ನ ಊಟದಲ್ಲಿ ಮಾತ್ರ ಅವಳು ಬೇಡ ಎನ್ನಲಿಲ್ಲ. ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೇಳಿದಳು, "ಆ ಪುಟದಲ್ಲಿ ಬೆಕ್ಕು ಅದೆಯೋ ಇಲ್ಯೋ?"

"ಅದೆ. ನಿನ್ನ ಪಕ್ಕದಲ್ಲೇ."

"ಹಂಗಾರೆ ಇಬ್ಬರಾತು. ಅಡ್ಡಿಲ್ಲ."

ನಾನು ಕೂಡಲೇ ಪೆನ್ಸಿಲ್ ತೆಗೆದುಕೊಂಡೆ. ಅವಳು ಎಂಜಲು ಕೈಯಿಂದಲೇ ತಡೆದಳು. "ಇವತ್ತು ಬೇಡ. ತಲೆ ಸಹ ಬಾಚಲಿಲ್ಲ. ನಾಳೆ ಬಂದು ಕೂತ್ಕಣ್ತೆ, ನೀನು ಎಷ್ಟು ಬೇಕಾದ್ರೂ ತಕ."

ಮರುದಿನ ಪೇಟೆಯಲ್ಲಿ ಗಿರಾಕಿಗೆ ಮೀನು ಕೊಡಲು ಎದ್ದವಳು ಹಾಗೆಯೇ ಬದಿಗೆ ವಾಲಿದಳಂತೆ. ಅವಳ ಪಕ್ಕದಲ್ಲಿ ಕೂತು ಮೀನು ಮಾರುವ ಗೆಳತಿ ನನಗೆ ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ತಲೆಯಲ್ಲಿ ರಕ್ತನಾಳ ಒಡೆದಿದೆ, ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದರು. ಅಂಬುಲೆನ್ಸಿನಲ್ಲಿ ದಕ್ಷಿಣಕ್ಕೆ ಹೊರಟೆವು. ಆಮ್ಲಜನಕದ ಮಾಸ್ಕು ಅವಳ ಮುಖದ ಅರ್ಧವನ್ನು ಮುಚ್ಚಿತ್ತು. ನಾನು ಅವಳ ಕೈ ಹಿಡಿದುಕೊಂಡಿದ್ದೆ, ಕೈಯನ್ನೇ ನೋಡುತ್ತಿದ್ದೆ. ಅಭ್ಯಾಸ. ಭಟ್ಕಳದ ಪೇಟೆ ದಾಟುವಾಗ ಜೊತೆಯಲ್ಲಿದ್ದ ನರ್ಸು ಎದ್ದು ಡ್ರೈವರನಿಗೆ ಏನೋ ಹೇಳಿದ. ಸೈರನ್ ನಿಂತಿತು. ಆಮೇಲೆ ಗಾಡಿ ಎಲ್ಲರ ಹಾಗೆ ನಿಧಾನವಾಗಿ ಹೋಯಿತು.

ಅಕ್ಕನ ಉತ್ತರಕ್ರಿಯೆಯ ಹೊತ್ತಿಗೆ ಗೋಡೆಗೆ ಫೋಟೋ ಬೇಕಾಯಿತು. ಕಾರ್ಯಕ್ಕೆ ಬಂದಿದ್ದ ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ನೀನೇ ಚಿತ್ರ ತೆಗಿಯೇ. ಊರವರದ್ದೆಲ್ಲ ತೆಗಿತ್ಯೆ, ನಿನ್ನ ಅಕ್ಕಂದು ಎಂತಕೆ ಆಗೂದಿಲ್ಲ?"

ತೆಗೆಯಲು ಕೂತೆ. ಬೈತಲೆ ಬಂತು. ಓಲೆ ಬಂತು. ಕತ್ತು ಬಂತು. ಮುಂದೆ ಬರಲಿಲ್ಲ. ಇಷ್ಟು ವರ್ಷ ಅವಳ ಎದುರೇ ಕೂತು ಬಿಡಿಸಿದವಳು ನಾನು, ಆದರೆ ನನ್ನ ಕೈ ಒಮ್ಮೆಯೂ ಆ ಮುಖದ ಮೇಲೆ ಓಡಾಡಿರಲಿಲ್ಲ. ಬಿಡಿಸದೇ ಇದ್ದದ್ದು ನನ್ನ ನೆನಪಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ ಎಂದು ಆಗ ಗೊತ್ತಾಯಿತು. ಕೊನೆಗೆ ಚಿಕ್ಕಮ್ಮನ ಅಳಿಯಂದಿರೊಬ್ಬರು ಅಕ್ಕನ ಆಧಾರ್ ಕಾರ್ಡನ್ನು ಕುಮಟಾದ ಸ್ಟುಡಿಯೋಕ್ಕೆ ಒಯ್ದು ದೊಡ್ಡದು ಮಾಡಿಸಿ ತಂದರು. ಹಿಂದೆ ನೀಲಿ ಬಣ್ಣ, ಹಣೆಯ ಗೆರೆಗಳನ್ನು ಒರೆಸಿ ನುಣ್ಣಗೆ ಮಾಡಿದ್ದಾರೆ. ಅಮ್ಮನ ಪಕ್ಕ ಅದನ್ನು ತೂಗು ಹಾಕಿದ್ದೇವೆ. ದಿನಾ ಅಬ್ಬಲಿಗೆ ಹಾಕುತ್ತೇನೆ. ಆ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ.

ಮದುವೆ ಮನೆಗಳ ವಿಡಿಯೋ ಇವೆ. ಫೋನಿನಲ್ಲಿ ಹುಡುಕಿ ಹುಡುಕಿ ನೋಡಿದೆ. ಕ್ಯಾಮೆರಾ ಕಂಡರೆ ಅಕ್ಕ ತುಟಿಯನ್ನು ಒಳಗೆ ಎಳೆದುಕೊಂಡು, ಗಲ್ಲ ಬಿಗಿದು ನಿಲ್ಲುತ್ತಿದ್ದಳು. ಪ್ರತಿ ವಿಡಿಯೋದಲ್ಲೂ ಅದೇ ಬಿಗಿ. ನನಗೆ ಬೇಕಾದದ್ದು ಮೀನಿನಿಂದ ತಲೆ ಎತ್ತಿ "ಆತೇನೆ?" ಎನ್ನುವಾಗಿನ ಮುಖ. ಆ ಹೊತ್ತಿನಲ್ಲಿ ನಾನು ಕಾಗದ ನೋಡುತ್ತಿರುತ್ತಿದ್ದೆ.

ಪೇಟೆಗೆ ಹೋಗಿ ಅಕ್ಕನ ಗೆಳತಿಯನ್ನು ಕೇಳಿದೆ. ಅವಳು ದಿನವಿಡೀ ಅಕ್ಕನ ಪಕ್ಕ ಕೂತವಳು.

"ಅಕ್ಕನ ಮುಖ ಹೇಂಗಿತ್ತು, ಹೇಳು."

ಅವಳು ಶೆಟ್ಲಿ ಸೀಗಡಿಯ ರಾಶಿಯ ಮೇಲೆ ನೀರು ಚಿಮುಕಿಸುತ್ತ ನನ್ನನ್ನೇ ನೋಡಿದಳು. "ಎಂತ ಹೇಳೂದು ತಂಗಿ? ಗಿರಾಕಿ ಬಂದ್ರೆ ಒಂದು ನಮೂನೆ, ಹೋದ್ರೆ ಒಂದು ನಮೂನೆ."

"ಹೋದ್ರೆ ಹೇಂಗೆ?"

"ಚೌಕಾಶಿ ಮಾಡಿ ತಕಳ್ದೆ ಹೋದವರ ಬೆನ್ನಿಗೆ ಒಂದು ಮುಖ ಮಾಡ್ತಿತ್ತು ನೋಡು..." ಎಂದು ಅವಳು ಅದನ್ನು ಮಾಡಿ ತೋರಿಸಲು ಹೋದಳು. ಹುಬ್ಬು ಏರಿಸಿದಳು, ತುಟಿ ಸೊಟ್ಟ ಮಾಡಿದಳು. ಅಷ್ಟರಲ್ಲಿ ಅವಳಿಗೇ ಅಳು ಬಂತು. ಸೆರಗಿನಿಂದ ಒರೆಸಿಕೊಂಡು, "ಬೇಕಾದ್ರೆ ನನ್ನ ತಕ. ನಂಗೆ ಹೂ ಹಾಕಿದ್ರೂ ತೊಂದ್ರಿಲ್ಲ," ಎಂದಳು.

ಅಲ್ಲೇ ಕೂತು ಅವಳನ್ನು ಬಿಡಿಸಿದೆ. ಚಿತ್ರ ಚೆನ್ನಾಗಿಯೇ ಬಂತು. ಅದು ಅವಳದೇ ಮುಖವಾಗಿತ್ತು. ಅವಳಿಗೇ ಕೊಟ್ಟು ಬಂದೆ.

ಪ್ರಕಾಶಕರು ಕಾದರು. ಒಳ್ಳೆಯವರು. ಕೊನೆಗೆ ಫೋನು ಮಾಡಿ, "ಯಾವುದಾದರೂ ಒಂದು ಮುಖ ಸಾಕು ಮೇಡಂ, ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ," ಎಂದರು. ಅವರು ಹೇಳಿದ್ದು ತಪ್ಪಲ್ಲ. ಮುಖ ಬಿಡಿಸುವುದು ನನ್ನ ಕೆಲಸ. ಇಲ್ಲದ ರಾಜನಿಗೆ, ಇಲ್ಲದ ಅಜ್ಜಿಗೆ ಎಷ್ಟೋ ಮುಖ ಕೊಟ್ಟಿದ್ದೇನೆ. ಆದರೆ ಬೇರೆ ಮುಖವೊಂದನ್ನು ಅಕ್ಕನ ಕೈಗಳ ಮೇಲೆ ಇಟ್ಟಾಗಲೆಲ್ಲ ಅಮ್ಮನ ಭುಜದ ಮೇಲಿನ ಆ ಬೆರಳುಗಳ ನೆನಪಾಗುತ್ತಿತ್ತು. ಅಳಿಸುತ್ತಿದ್ದೆ. ಅಳಿಸಿ ಅಳಿಸಿ ಕಾಗದ ಅಲ್ಲಿ ತೆಳುವಾಗಿ, ಬಣ್ಣ ಹಚ್ಚಿದರೆ ಹಿಂದಕ್ಕೆ ಸೋರುವಂತಾಯಿತು.

ಕೊನೆಗೆ ನನಗೆ ಬರುವುದನ್ನೇ ಬಿಡಿಸಿ ಕಳಿಸಿದೆ. ಹೆಂಗಸು ಮೆಟ್ಟುಗತ್ತಿಯ ಮೇಲೆ ಬಗ್ಗಿದ್ದಾಳೆ. ಓದುವ ಮಗುವನ್ನು ಬೆಕ್ಕು ನೋಡುತ್ತದೆ. ಕತೆ ಬರೆದವರು ಒಂದು ಸಾಲು ಬದಲಿಸಿಕೊಂಡರು.

ಈಗಲೂ ಮಧ್ಯಾಹ್ನ ಹಂಚಿನ ಮೇಲೆ ಮೀನು ಇಡುತ್ತೇನೆ. ದಿನಾ ಬಿಡಿಸಿದರೆ ಕೈ ಉಳಿಯುತ್ತದೆ ಎಂದು ಹೇಳುತ್ತಾರೆ. ಕೈ ಉಳಿದಿದೆ. ಆದರೆ ಚಿತ್ರ ಮುಗಿಯುವುದಿಲ್ಲ. ಮಿಕ್ಸಿಯ ಸದ್ದಿಲ್ಲ, ಕರೆಯುವವರಿಲ್ಲ, ಮೀನನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ನೋಡುತ್ತ ಕೂತಿರುತ್ತೇನೆ. ಹಸಿರು ಹೋಗುತ್ತದೆ, ಇರುವೆ ಬರುತ್ತದೆ. ಕಾಗದದ ಮೇಲೆ ಕಣ್ಣಿನ ಜಾಗ ಹಾಗೆಯೇ ಉಳಿದಿರುತ್ತದೆ. ಮೀನನ್ನು ಕೇರಿಯ ಬೆಕ್ಕಿಗೆ ಹಾಕಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತೇನೆ. ಮುಂದಿನ ಪುಸ್ತಕಕ್ಕೆ ಒಪ್ಪಿಕೊಂಡಿಲ್ಲ.

ಅಚ್ಚಾದ ಪುಸ್ತಕದ ಪ್ರತಿಗಳು ಬಂದಿವೆ. ಒಂದನ್ನು ಅಕ್ಕನ ಗೆಳತಿಗೆ ಕೊಟ್ಟೆ. ಅವಳು ಕೈ ಒರೆಸಿಕೊಂಡು ಪುಟಗಳನ್ನು ತಿರುಗಿಸಿದಳು. ಬುಟ್ಟಿಯನ್ನು ಗುರುತಿಸಿದಳು, ಹೂವನ್ನು, ಓಲೆಯನ್ನು, ಕೈಗಳನ್ನು ಗುರುತಿಸಿದಳು. ಕೊನೆಯ ಪುಟಕ್ಕೆ ಬಂದು, ಬಗ್ಗಿದ ತಲೆಯ ಕೆಳಗೆ ಏನಾದರೂ ಇದೆಯೋ ಎಂಬಂತೆ ಪುಸ್ತಕವನ್ನು ಸ್ವಲ್ಪ ಓರೆ ಮಾಡಿ ನೋಡಿದಳು.

ಅಲ್ಲಿ ಇಲ್ಲ. ಅಕ್ಕನ ಮುಖ ನನ್ನ ಹತ್ತಿರ ಎಲ್ಲೂ ಇಲ್ಲ.