ಅತ್ತೆ ಹೆಪ್ಪು ಹಾಕಿದ ಸಮುದ್ರ

ಮೊನ್ನೆ ತೂಬಗೆರೆಯಲ್ಲಿ ತಂಗಿಯ ಹೊಸ ಮನೆಯ ನೀರಿನ ಸಂಪ್‌ಗೆ ಗಂಗೆಪೂಜೆ ಇತ್ತು. ಅರಿಶಿನ, ಕುಂಕುಮ, ಹೂವು ಎಲ್ಲ ಆದ ಮೇಲೆ ಹಿರಿಯರೊಬ್ಬರು ಹಳೆಯ ತಾಮ್ರದ ಕಾಸೊಂದನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಬಿಟ್ಟರು. ಎಲ್ಲರೂ ಕೈಮುಗಿದರು. ನನಗೆ ಮಾತ್ರ ನಗು ಬಂತು. ನಮ್ಮ ಅತ್ತೆ ಒಮ್ಮೆ ಇಂಥದೇ ಕಾಸು ಹಾಕಿ ಒಂದು ಸಮುದ್ರವನ್ನೇ ಕೆಡಿಸಿದ್ದಳು...

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಹೊಸಕೋಟೆಯಲ್ಲಿ ಹಳೇ ಮದರಾಸು ರಸ್ತೆಯ ಪಕ್ಕಕ್ಕೇ ಅವಳದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಇಡ್ಲಿ, ದೋಸೆ, ಮಧ್ಯಾಹ್ನಕ್ಕೆ ಮುದ್ದೆ, ಬಸ್ಸಾರು. ನಾನು ಪಿಲ್ಲಗುಂಪೆಯ ಕಾರ್ಖಾನೆಗೆ ಹೊಸದಾಗಿ ಸೇರಿದ್ದೆ. ಊಟ, ತಿಂಡಿ, ಬೈಗುಳ ಮೂರೂ ಅಲ್ಲೇ ಸಿಗುತ್ತಿದ್ದವು.

ಅವಳ ಗಂಡ, ಅಂದರೆ ನಮ್ಮ ಮಾವ, ಲಾರಿ ಡ್ರೈವರು. ಆಯಸ್ಸಿನ ಬಹುಪಾಲು ಮದರಾಸಿನ ಬಂದರಿಗೆ ಲೋಡು ಹೊಡೆದವರು. ಸಕ್ಕರೆ ಕಾಯಿಲೆ ಅವರ ಒಂದು ಕಾಲು ತೆಗೆದುಕೊಂಡಿತು. ಆಸ್ಪತ್ರೆಯಿಂದ ಬಂದವರು ಹೋಟೆಲಿನ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ರಸ್ತೆಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕುಳಿತರು. ಹಳೆಯ ಸ್ನೇಹಿತರು ಲಾರಿ ನಿಲ್ಲಿಸಿ ಬಂದು ಮಾತನಾಡಿಸಿದರೂ "ಹೂಂ" ಅನ್ನುವುದಕ್ಕಿಂತ ಹೆಚ್ಚಿಲ್ಲ.

"ಹಿಂಗೇ ಬಿಟ್ರೆ ಮನ್ಸ ಒಣಗೋಗ್ತಾನೆ ಕಣೋ," ಅಂದಳು ಅತ್ತೆ ಒಂದು ದಿನ, ಚಟ್ನಿ ಬಡಿಸುತ್ತಾ. "ಗೋಡೇನೇ ನೋಡೋದಾದ್ರೆ ಆ ಗೋಡೇಲಿ ಏನಾರ ಇರ್ಲಿ. ಸಮುದ್ರ ಇರ್ಲಿ."

ಬಣ್ಣದ ಮೀನಿನ ತೊಟ್ಟಿ ಸುಲಭ ಅತ್ತೆ, ಸಿಹಿನೀರಿನದು ತರೋಣ ಅಂದೆ. ಅವಳು ಒಪ್ಪಲಿಲ್ಲ.

"ಅದು ಕೆರೆ ಆಯ್ತದೆ. ಅವ್ರು ನೋಡಿರೋದು ಸಮುದ್ರ."

ಹಾಗೆ ನನ್ನ ಸ್ಕೂಟರಿನ ಹಿಂದೆ ಕುಳಿತು ಬೆಂಗಳೂರಿನ ಮೀನಿನ ಅಂಗಡಿಗೆ ಬಂದಳು. ತೊಟ್ಟಿಯ ಜೊತೆಗೆ ಮನೆಯ ಕಲ್ಲುಪ್ಪೇ ಸಾಕಲ್ಲವಾ ಎಂದು ಕೇಳಿದಳು. ಅಂಗಡಿಯವನು ನಗಲಿಲ್ಲ. ಊಟದ ಉಪ್ಪಿನಲ್ಲಿ ಸಮುದ್ರದ ಬೇರೆ ಸತ್ವಗಳಿರುವುದಿಲ್ಲ, ಅದಕ್ಕೇ ಬೇರೆ ಉಪ್ಪಿದೆ, ಬೋರ್‌ವೆಲ್ ನೀರು ಬೇಡ, ಶುದ್ಧ ಮಾಡಿದ ಕ್ಯಾನ್ ನೀರಲ್ಲಿ ಕಲಸಿ ಎಂದು ಹೇಳಿಕೊಟ್ಟ. ತನ್ನ ತೊಟ್ಟಿಯಿಂದಲೇ ಒಂದು ತೂತುತೂತಿನ ಕಲ್ಲನ್ನು ತೆಗೆದು, "ಇದರಲ್ಲಿ ಕಣ್ಣಿಗೆ ಕಾಣದ ಜೀವ ಇರ್ತವೆ ಅಮ್ಮಾ. ನಿಮ್ಮ ನೀರಲ್ಲಿ ಇವು ಬೆಳೆದ ಮೇಲೇ ಮೀನು ಬಿಡೋದು. ಅಲ್ಲೀವರೆಗೂ ಕಾಯಬೇಕು," ಅಂದ.

"ಹೆಪ್ಪು ಹಾಕ್ದಂಗೆ ಅನ್ನು," ಅಂದಳು ಅತ್ತೆ. ಅವನಿಗೆ ಆ ಮಾತು ಬಹಳ ಹಿಡಿಸಿತು.

ತೊಟ್ಟಿ ಮಾವನ ಎದುರಿನ ಗೋಡೆಗೆ ಬಂತು. ಮರಳು ಹಾಸಿ, ಕಲ್ಲಿಟ್ಟು, ಉಪ್ಪುನೀರು ತುಂಬಿದೆವು. ಅತ್ತೆ ಬೆರಳದ್ದಿ ರುಚಿ ನೋಡಿ ಮುಖ ಕಿವುಚಿದಳು. ಹೋಟೆಲಿನವರಿಗೆಲ್ಲ ಅದೇ ಮಾತು. "ಅಕ್ಕಾ, ಮೀನ್ ಫ್ರೈ ಯಾವಾಗಿಂದ?" ಅಂತ ಒಬ್ಬ ಹಾಲಿನ ವ್ಯಾನಿನವನು ಕೆಣಕಿದ. "ತಾಳು, ಮೊದ್ಲು ನಿನ್ನೇ ಹುರೀತೀನಿ," ಅಂದಳು.

ವಾರಗಟ್ಟಲೆ ಕಾದ ಮೇಲೆ, ಮೊದಲು ಪಾಚಿ ತಿನ್ನಲು ಬಸವನಹುಳುಗಳನ್ನೂ ಒಂದು ಕೆಂಪು ಸೀಗಡಿಯನ್ನೂ ಬಿಟ್ಟೆವು. ಸೀಗಡಿ ಕಲ್ಲಿನ ಮೇಲೆ ನಿಂತು ಮೀಸೆ ತಿರುವಿತು. ಮಾವ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡರು. ಅತ್ತೆ ಅಡುಗೆಮನೆಯ ಬಾಗಿಲಿನಿಂದ ಅದನ್ನು ನೋಡಿ ನನಗೆ ಕಣ್ಣು ಮಿಟುಕಿಸಿದಳು.

ಮರುದಿನ ಬೆಳಿಗ್ಗೆ ಹುಳುಗಳು ಗಾಜು ಬಿಟ್ಟು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಸೀಗಡಿ ಒಂದು ಪಕ್ಕಕ್ಕೆ ಮಲಗಿತ್ತು. ಮಾವ ಅದನ್ನು ಬಹಳ ಹೊತ್ತು ನೋಡಿದರು. "ಸಾಯೋದ್ನ ನೋಡಾಕೆ ಕೂರಿಸ್ದಾ ನನ್ನ?" ಅಂದವರೇ ಊರುಗೋಲು ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇಷ್ಟು ದಿನ ಗೋಡೆಯನ್ನಾದರೂ ನೋಡುತ್ತಿದ್ದರು. ಈಗ ಅದೂ ಇಲ್ಲ.

ಅಂಗಡಿಯವನಿಗೆ ಫೋನು ಮಾಡಿದೆ. ನೀರಿಗೆ ಯಾವುದಾದರೂ ಲೋಹ ಬಿತ್ತಾ, ತಾಮ್ರ ಗಿಮ್ರ, ಅಂತ ಕೇಳಿದ. ಇಲ್ಲವಲ್ಲ ಅನ್ನುತ್ತಾ ಅತ್ತೆಯ ಕಡೆ ತಿರುಗಿದೆ. ಅವಳ ಮುಖ ಬಿಳಿಚಿತ್ತು.

"ಹೊಸ ನೀರಲ್ವೇನೋ..." ಅಂದಳು. "ಗಂಗಮ್ಮಂಗೆ ಅಂತ ಒಂದ್ ಕಾಸು... ಮರಳಿನ ಕೆಳ್ಗೆ ಇಟ್ಟಿದ್ದೆ."

ನಮ್ಮ ಕಡೆ ಬಾವಿಯಾಗಲಿ, ತೊಟ್ಟಿಯಾಗಲಿ, ಹೊಸ ನೀರು ತುಂಬಿದರೆ ಕಾಸು ಹಾಕದೆ ಯಾವ ಹೆಂಗಸು ಬಿಟ್ಟಾಳು? ಆದರೆ ತಾಮ್ರ ಉಪ್ಪುನೀರಿನಲ್ಲಿ ಕರಗುತ್ತದಂತೆ, ಬೆನ್ನುಮೂಳೆ ಇಲ್ಲದ ಜೀವಗಳಿಗೆ ಅದು ವಿಷವಂತೆ. ನೀರು, ಮರಳು, ಕಲ್ಲು ಎಲ್ಲ ತೆಗೆದು ಮೊದಲಿನಿಂದ ಶುರು ಮಾಡಿ ಅಂದ ಅಂಗಡಿಯವನು. ಸಾಕು ಬಿಡು ಅತ್ತೆ ಎಂದು ನಾನೇ ಅಂದುಬಿಟ್ಟೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಂದಿನ ಹಿಟ್ಟು ಕೆಟ್ರೆ ಹೋಟ್ಲು ಮುಚ್ಚಿದ್ನೇನೋ ನಾನು? ಎತ್ತು ಬಕೆಟ್ಟು."

ಎಲ್ಲವನ್ನೂ ಹೊರಗೆ ಸುರಿದೆವು. ತೊಟ್ಟಿಯನ್ನು ತಿಕ್ಕಿ ತೊಳೆದು, ಹೊಸ ಮರಳು, ಹೊಸ ನೀರು, ಮತ್ತೆ ಅಂಗಡಿಯವನ ಹತ್ತಿರ ಹೋಗಿ ಮತ್ತೊಂದು ಹೆಪ್ಪಿನ ಕಲ್ಲು. ಮತ್ತೆ ಕಾಯುವುದು. "ಬರೀ ನೀರಿಗೆ ಲೈಟ್ ಹಾಕವ್ಳಪ್ಪಾ" ಎಂದು ಗಿರಾಕಿಗಳು ನಗುತ್ತಿದ್ದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಒಲೆ ಹಚ್ಚುವ ಮುಂಚೆ ತೊಟ್ಟಿಯ ಮುಂದೆ ನಿಂತು, ಆವಿಯಾದಷ್ಟು ಸಿಹಿನೀರು ಸುರಿದು ಬರುವಳು. ಇನ್ನೂ ಹುದುಗು ಬಂದಿಲ್ಲ ಅನ್ನುವಳು, ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

ಅಂಗಡಿಯವನ ಪರೀಕ್ಷೆಯಲ್ಲಿ ನೀರು ಪಾಸಾದ ದಿನ ಹುಳುಗಳನ್ನು ಬಿಟ್ಟೆವು. ಅವು ಬದುಕಿದವು. ಆಮೇಲೆ ಒಂದು ಜೊತೆ ಕಿತ್ತಳೆ ಬಣ್ಣದ ಮೀನು, ಮೈಮೇಲೆ ವಿಭೂತಿ ಬಳಿದಂತೆ ಬಿಳಿ ಪಟ್ಟೆ. ಅವನ್ನು ಬಿಡುವ ಹೊತ್ತಿಗೆ ಒಳಕೋಣೆಯ ಬಾಗಿಲು ಕಿರುಗುಟ್ಟಿತು. ಮಾವ ಹೊಸ್ತಿಲಲ್ಲಿ ನಿಂತಿದ್ದರು.

"ಯಾಕೇ, ಈ ಸಲ ಗಂಗಮ್ಮಂಗೆ ಕಾಸು ಬ್ಯಾಡ್ವಾ?"

ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಇದು ಗಂಗಮ್ಮ ಅಲ್ಲ, ಸಮುದ್ರರಾಜ. ಮುತ್ತು ರತ್ನ ಎಲ್ಲಾ ಅವ್ನತ್ರಾನೇ ಬಿದ್ದದೆ. ನನ್ನ ಕಾಸು ಯಾವ ಮೂಲೆಗೆ?"

ಮಾವ ನಕ್ಕರು. ಕಾಲು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಬಂದು ಕುರ್ಚಿಯಲ್ಲಿ ಕುಳಿತರು. ಮೀನುಗಳು ಕಲ್ಲಿನ ಹಿಂದಿನಿಂದ ಇಣುಕಿದವು.

ಆಮೇಲಿನ ದಿನಗಳಲ್ಲಿ ಮಾವನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಗಾಜು ತಟ್ಟುವ ಮಕ್ಕಳನ್ನು ಗದರುವರು, ಕೇಳಿದವರಿಗೂ ಕೇಳದವರಿಗೂ ಬಂದರಿನ ಕಥೆ ಹೇಳುವರು. ಕೆಣಕಿದ್ದ ಹಾಲಿನ ವ್ಯಾನಿನವನೇ ಹೆಂಡತಿ ಮಕ್ಕಳನ್ನು ಕರೆತಂದು ತೋರಿಸಿದ. ಅತ್ತೆ ಕಾವಲಿಯ ಮೇಲೆ ದೋಸೆ ಹುಯ್ಯುತ್ತಾ, ಯಾರಾದರೂ ತೊಟ್ಟಿ ಹೊಗಳಿದರೆ ಏನೂ ಕೇಳಿಸದವಳ ಹಾಗೆ ಇರುತ್ತಿದ್ದಳು. ಅಂಥ ದಿನ ನನ್ನ ದೋಸೆಗೆ ಮಾತ್ರ ಬೆಣ್ಣೆ ಜಾಸ್ತಿ ಬೀಳುತ್ತಿತ್ತು.

ಕೆಲವು ವರ್ಷಗಳ ಮೇಲೆ ಮಾವ ಹೋದರು. ಅತ್ತೆ ಆ ತೊಟ್ಟಿಯನ್ನು ಒಬ್ಬಳೇ ನೋಡಿಕೊಂಡಳು. ಆಮೇಲೆ ಅವಳೂ... ಹೋಟೆಲಿನ ಜಾಗ ಬೇರೆಯವರ ಕೈಗೆ ಹೋಯಿತು. ನನ್ನದು ಪಾಳಿಯ ಬದುಕು, ಮೀನುಗಳನ್ನು ಅಂಗಡಿಯವನಿಗೇ ಒಪ್ಪಿಸಿದೆ.

ತೂಬಗೆರೆಯಿಂದ ಬಂದ ಮೇಲೆ ಮನಸ್ಸು ತಡೆಯದೆ ಆ ಅಂಗಡಿಗೆ ಹೋದೆ. ಜೋಡಿ ಅಲ್ಲೇ ಇತ್ತು, ಇನ್ನಷ್ಟು ದಪ್ಪಗಾಗಿ. ಕಲ್ಲಿನ ಬುಡದಲ್ಲಿ ಸಾಸಿವೆಯಂಥ ಕಿತ್ತಳೆ ಮೊಟ್ಟೆಗಳ ಸಾಲು. ಈ ಸುದ್ದಿಯನ್ನು ಯಾರಿಗೆ ಹೇಳಬೇಕಿತ್ತೋ ಅವಳೇ ಇಲ್ಲ. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಅವುಗಳ ಬೆಲೆ ಕೇಳಿದ.

"ಅವು ಮಾರೋಕಲ್ಲ ಸಾರ್," ಅಂದ ಅಂಗಡಿಯವನು. "ಹೊಸಕೋಟೆ ಅಮ್ಮನ ಮೀನು."

"ಹೊಸಕೋಟೇಲಿ ಎಲ್ರೀ ಸಮುದ್ರ?" ಎಂದು ಆತ ನಕ್ಕ.

"ಇತ್ತು ಸಾರ್," ಅಂದೆ ನಾನು. "ನಮ್ಮತ್ತೆ ಹೋಟ್ಲಲ್ಲಿ."